ಜೇಬಿನಲ್ಲಿನ ಫೈಲ್ ಮ್ಯಾನೇಜರ್: ಉಚಿತವಾದರೆ ಸಾಕೆ?

ಜೂನ್ ತಿಂಗಳು. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಾಲೇಜಿಗೆ ಅರ್ಜಿ ಹಾಕುವವರ ನೂಕುನುಗ್ಗಲು. ಒಬ್ಬ ಹುಡುಗಿ ಪೆನ್‌ಡ್ರೈವ್ ಚಾಚುತ್ತಾಳೆ. ‘ಅಣ್ಣಾ, ಅದ್ರಲ್ಲಿ ಮಾರ್ಕ್ಸ್ ಕಾರ್ಡ್ ಅಂತ ಫೋಲ್ಡರ್ ಇದೆ, ಎಲ್ಲಾ ಪ್ರಿಂಟ್ ಕೊಡಿ.’ ಅಂಗಡಿಯವನು ತೆರೆದು ನೋಡಿದರೆ ಫೋಲ್ಡರ್ ಇರಬೇಕಾದ ಜಾಗದಲ್ಲಿ ಮೂಲೆಗೆ ಪುಟ್ಟ ಬಾಣದ ಗುರುತಿರುವ ಒಂದು ಚಿತ್ರ. ‘ಶಾರ್ಟ್‌ಕಟ್ ವೈರಸ್ ಬಂದಿದೆ ಕಣಮ್ಮ. ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ.’ ಹುಡುಗಿಯ ಮುಖ ಬಾಡುತ್ತದೆ.

ನಿಜ ಹೇಳಬೇಕೆಂದರೆ ಆ ಅಂಕಪಟ್ಟಿ ಎಲ್ಲಿಗೂ ಹೋಗಿರುವುದಿಲ್ಲ. ಈ ಬಗೆಯ ವೈರಸ್ ಸಾಮಾನ್ಯವಾಗಿ ಅಸಲಿ ಕಡತಗಳನ್ನು ಅಳಿಸುವ ಗೋಜಿಗೆ ಹೋಗುವುದಿಲ್ಲ. ಅವುಗಳಿಗೆ ‘ಅಡಗಿದ್ದು’, ‘ಸಿಸ್ಟಂನದ್ದು’ ಎಂಬ ಎರಡು ಗುರುತು ಹಚ್ಚಿ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿಗೆ ತುಂಬಿಡುತ್ತವೆ. ಆ ಹೆಸರು ಒಂದೇ ಒಂದು ಖಾಲಿ ಅಕ್ಷರ. ಮುಂದೆ ಕಾಣುವುದು ಒಂದೆರಡು ಕೆಬಿ ಗಾತ್ರದ ನಕಲಿ ಶಾರ್ಟ್‌ಕಟ್. ಅದನ್ನು ಒತ್ತಿದರೆ ವೈರಸ್ ಎಚ್ಚರವಾಗುತ್ತದೆ.

ವಿಂಡೋಸ್‌ನ ಎಕ್ಸ್‌ಪ್ಲೋರರ್ ಎಂದಿನಂತೆ ನಡೆಯುವಾಗ ಅಡಗಿದ ಕಡತಗಳನ್ನೂ ತೋರಿಸುವುದಿಲ್ಲ, ಹೆಸರಿನ ಕೊನೆಯಲ್ಲಿ ಇದು ಯಾವ ಜಾತಿಯ ಕಡತ ಎಂದು ಹೇಳುವ ಬಾಲವನ್ನೂ ತೋರಿಸುವುದಿಲ್ಲ. ಆ ಅಂಗಡಿಗೆ ಬೇಕಾಗಿದ್ದದ್ದು ಪೆನ್‌ಡ್ರೈವ್‌ನಲ್ಲಿ ಇರುವುದನ್ನು ಇರುವಂತೆ ತೋರಿಸುವ ಒಂದು ಫೈಲ್ ಮ್ಯಾನೇಜರ್. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡದೆ, ಇನ್ನೊಂದು ಪೆನ್‌ಡ್ರೈವ್‌ನಿಂದಲೇ ಓಡಿಸಬಹುದಾದಂಥದ್ದು. ಅಂಥವು ಡಜನ್‌ಗಟ್ಟಲೆ ಇವೆ, ಬಹುಪಾಲು ಉಚಿತ. ಇವುಗಳಲ್ಲಿ ಯಾವುದನ್ನು ನಂಬುವುದು ಎನ್ನುವುದಷ್ಟೇ ತೊಡಕು.

ಎರಡು ಅಂಕಣಗಳ ಹಳೆಯ ಯುಕ್ತಿ

1986ರಲ್ಲಿ, ಡಾಸ್ ಕಾಲದಲ್ಲಿ, ಜಾನ್ ಸೋಚಾ ಎಂಬ ಪ್ರೋಗ್ರಾಮರ್ ಬರೆದ ನಾರ್ಟನ್ ಕಮಾಂಡರ್ ಎಂಬ ಫೈಲ್ ಮ್ಯಾನೇಜರ್ ಬಂತು. ನೀಲಿ ಪರದೆ, ಅದರಲ್ಲಿ ಅಕ್ಕಪಕ್ಕ ಎರಡು ಅಂಕಣ. ಎಡಗಡೆ ಎಲ್ಲಿಂದ, ಬಲಗಡೆ ಎಲ್ಲಿಗೆ. ಟ್ಯಾಬ್ ಒತ್ತಿದರೆ ಆ ಕಡೆ ಈ ಕಡೆ ಹೋಗಬಹುದು. ಎಫ್3 ಒತ್ತಿದರೆ ಕಡತ ನೋಡಬಹುದು, ಎಫ್5 ಒತ್ತಿದರೆ ನಕಲಾಗುತ್ತದೆ, ಎಫ್6ಗೆ ಸ್ಥಳ ಬದಲಾಗುತ್ತದೆ, ಎಫ್8ಗೆ ಅಳಿಯುತ್ತದೆ.

ಈ ವ್ಯವಸ್ಥೆ ಎಷ್ಟು ಒಗ್ಗಿತೆಂದರೆ ಇಂದಿಗೂ ಅದೇ ಕೀಲಿಗಳು ನಡೆಯುತ್ತಿವೆ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗಿಸ್ಲರ್ 1993ರಲ್ಲಿ ವಿಂಡೋಸ್ ಕಮಾಂಡರ್ ತಂದರು. ವಿಂಡೋಸ್ ಎಂಬ ಹೆಸರಿಗೆ ಮೈಕ್ರೋಸಾಫ್ಟ್ ತಕರಾರು ತೆಗೆದದ್ದರಿಂದ 2002ರಲ್ಲಿ ಅದು ಟೋಟಲ್ ಕಮಾಂಡರ್ ಆಯಿತು. ಮೆಕ್ಸಿಕೋದ ಮಿಗೆಲ್ ಡಿ ಇಕಾಜ 1994ರಲ್ಲಿ ಲಿನಕ್ಸ್ ಲೋಕಕ್ಕೆ ಮಿಡ್‌ನೈಟ್ ಕಮಾಂಡರ್ ಕೊಟ್ಟರು. ರಷ್ಯಾದ ಯೂಜೀನ್ ರೋಶಲ್ 1996ರಲ್ಲಿ ಫಾರ್ ಮ್ಯಾನೇಜರ್ ಬರೆದರು. ಕಡತಗಳನ್ನು ಕುಗ್ಗಿಸಿ ಕಟ್ಟಲು ನಾವೆಲ್ಲ ಬಳಸುವ ವಿನ್‌ರಾರ್‌ನ ಕರ್ತೃವೂ ಅವರೇ.

ಮೂಲ ನಾರ್ಟನ್ ಕಮಾಂಡರ್ ಮಾತ್ರ ತೊಂಬತ್ತರ ದಶಕದ ಕೊನೆಯಲ್ಲಿ ನಿಂತುಹೋಯಿತು. ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯ, ಅದನ್ನು ಮಾರುತ್ತಿದ್ದ ಕಂಪನಿಯ ಬಳಿ ಇತ್ತು, ಜನರ ಬಳಿ ಇರಲಿಲ್ಲ. ಮಾಲೀಕರು ಕೈಬಿಟ್ಟ ದಿನವೇ ಅದರ ಆಯಸ್ಸು ಮುಗಿಯಿತು. ಉಳಿದದ್ದು ಅದನ್ನು ನೋಡಿ ಮತ್ತೊಬ್ಬರು ಮೊದಲಿನಿಂದ ಬರೆದ ಪ್ರತಿರೂಪಗಳು.

ಪೋರ್ಟಬಲ್ ಆಗುವುದು ಹೇಗೆ

ಸಾಮಾನ್ಯ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದಾಗ ಅದು ಹಲವು ಕಡೆ ಬೇರು ಬಿಡುತ್ತದೆ. ಒಂದಿಷ್ಟು ಪ್ರೋಗ್ರಾಂ ಫೋಲ್ಡರಿನಲ್ಲಿ, ನಮ್ಮ ಇಷ್ಟಾನಿಷ್ಟಗಳ ಸೆಟ್ಟಿಂಗ್ ಇನ್ನೊಂದು ಕಡೆ, ಕೆಲವು ನಮೂದುಗಳು ರಿಜಿಸ್ಟ್ರಿ ಎಂಬ ವಿಂಡೋಸ್‌ನ ದೊಡ್ಡ ಲೆಕ್ಕದ ಪುಸ್ತಕದಲ್ಲಿ. ಪೋರ್ಟಬಲ್ ತಂತ್ರಾಂಶ ಇವನ್ನೆಲ್ಲ ತನ್ನದೇ ಫೋಲ್ಡರಿನೊಳಗೆ ಇಟ್ಟುಕೊಳ್ಳುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸೆಟ್ಟಿಂಗೂ ಜೊತೆಗೆ ಬರುತ್ತದೆ.

ಡಬಲ್ ಕಮಾಂಡರ್ ಎಂಬ ಎರಡು ಅಂಕಣಗಳ ಮುಕ್ತ ಫೈಲ್ ಮ್ಯಾನೇಜರ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಸೆಟ್ಟಿಂಗ್ ಕಡತಗಳನ್ನು ಎಲ್ಲಿಡಬೇಕು ಎಂದು ಕೇಳುವ ಒಂದು ಆಯ್ಕೆ ಅದರಲ್ಲಿದೆ. ಬಳಕೆದಾರನ ಫೋಲ್ಡರ್ ಅಥವಾ ತಂತ್ರಾಂಶದ ಸ್ವಂತ ಫೋಲ್ಡರ್. ಎರಡನೆಯದನ್ನು ಆರಿಸಿದರೆ ಅದು ಪೋರ್ಟಬಲ್. ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಒಂದೇ ಕಡತ. ಬೇಕೆಂದರೆ ಸೆಟ್ಟಿಂಗ್‌ಗಳನ್ನು ರಿಜಿಸ್ಟ್ರಿಯ ಬದಲು ಪಕ್ಕದಲ್ಲೇ ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ.

ಪೋರ್ಟಬಲ್ ಅಂದ ಮಾತ್ರಕ್ಕೆ ಗುರುತೇ ಉಳಿಯುವುದಿಲ್ಲ ಎಂದುಕೊಳ್ಳಬಾರದು. ಯಾವ ತಂತ್ರಾಂಶ ಓಡಿತು, ಯಾವ ಕಡತ ತೆರೆಯಿತು ಎಂಬುದರ ಜಾಡನ್ನು ವಿಂಡೋಸ್ ತನ್ನ ಪಾಡಿಗೆ ತಾನು ಇಟ್ಟುಕೊಳ್ಳುತ್ತದೆ. ಕಚೇರಿಗಳಲ್ಲಿ ಹೊರಗಿನ ತಂತ್ರಾಂಶ ಓಡದಂತೆ ತಡೆ ಹಾಕಿರುವುದೂ ಉಂಟು. ಆ ತಡೆಯನ್ನು ಗೌರವಿಸುವುದೇ ಸರಿ. ಇನ್ನೊಂದು ವಿಷಯ ಹಲವರಿಗೆ ತಡವಾಗಿ ಗೊತ್ತಾಗುತ್ತದೆ. ಪೆನ್‌ಡ್ರೈವ್‌ನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಮಾಯವಾಗುತ್ತದೆ.

ಫೈಲ್ ಮ್ಯಾನೇಜರ್‌ನ ಕೈಯಲ್ಲಿ ಏನೇನಿದೆ

ಸಂಗೀತ ನುಡಿಸುವ ತಂತ್ರಾಂಶ ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ. ಫೈಲ್ ಮ್ಯಾನೇಜರ್‌ನ ವಿಷಯ ಬೇರೆ. ನಾವು ಏನನ್ನು ಓದಬಲ್ಲೆವೋ ಅದನ್ನೆಲ್ಲ ಅದೂ ಓದಬಲ್ಲದು. ನಾವು ಅಳಿಸಬಲ್ಲದ್ದನ್ನು ಅದೂ ಅಳಿಸಬಲ್ಲದು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ, ಜಮೀನಿನ ಕಾಗದ, ಮದುವೆ ಫೋಟೊ, ಎಲ್ಲದರ ಮೇಲೂ ಅದಕ್ಕೆ ಅಧಿಕಾರವಿದೆ. ಪೋರ್ಟಬಲ್ ಆಗಿದ್ದರೆ ನಮ್ಮದಷ್ಟೇ ಅಲ್ಲ, ಗೆಳೆಯರ, ಶಾಲೆಯ, ಅಂಗಡಿಯ ಕಂಪ್ಯೂಟರಿನಲ್ಲೂ ಆ ಅಧಿಕಾರವನ್ನು ನಾವೇ ಕೊಡಿಸುತ್ತೇವೆ.

ಸುಮ್ಮನೆ ತೋರಿಸುವ ಕೆಲಸದಲ್ಲೂ ಅಪಾಯವಿದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಪೆನ್‌ಡ್ರೈವ್ ಮೂಲಕ ಹರಡಿ ಇರಾನಿನ ಅಣುಘಟಕವನ್ನು ತಲುಪಿತು. ಅದು ಬಳಸಿದ ದಾರಿಗಳಲ್ಲೊಂದು ವಿಂಡೋಸ್‌ ಶಾರ್ಟ್‌ಕಟ್‌ಗಳ ಚಿತ್ರ ಬಿಡಿಸುವ ಭಾಗದಲ್ಲಿದ್ದ ದೋಷ. ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಫೋಲ್ಡರ್ ತೆರೆದು ಆ ಪುಟ್ಟ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷ ತೇಪೆ ಹಾಕಿತು.

ಸೋರ್ಸ್ ಕೋಡ್ ಯಾರ ಬಳಿ

ಉಚಿತವಾಗಿ ಸಿಗುವ ಫೈಲ್ ಮ್ಯಾನೇಜರ್‌ಗಳಲ್ಲಿ ಎರಡು ಬಗೆ. ಡಬಲ್ ಕಮಾಂಡರ್, ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್, ಫಾರ್ ಇವೆಲ್ಲ ಓಪನ್ ಸೋರ್ಸ್. ಅವುಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಫ್ರೀಕಮಾಂಡರ್, ನಾಲ್ಕು ಅಂಕಣಗಳ ಕ್ಯೂ-ಡಿರ್ ಮೊದಲಾದವು ಉಚಿತ, ಆದರೆ ಸೋರ್ಸ್ ಕೋಡ್ ಬರೆದವರ ಬಳಿಯೇ ಇರುತ್ತದೆ. ಟೋಟಲ್ ಕಮಾಂಡರ್ ಈ ಎರಡಕ್ಕೂ ಸೇರದು. ಸ್ವಲ್ಪ ದಿನ ಬಳಸಿ ನೋಡಿ, ಮುಂದುವರಿಸುವುದಾದರೆ ದುಡ್ಡು ಕೊಡಬೇಕು.

ಪರವಾನಗಿಯನ್ನು ಹೊಲದ ಪಹಣಿಯಂತೆ ಓದಬೇಕು. ಉಳುಮೆ ಯಾರದಾದರೂ ಇರಲಿ, ಹಕ್ಕು ಯಾರದು ಎಂಬುದು ಅಲ್ಲಿದೆ. ಮುಚ್ಚಿದ ಉಚಿತ ತಂತ್ರಾಂಶದಲ್ಲಿ ನಮಗಿರುವುದು ಬಳಸುವ ಅನುಮತಿ ಮಾತ್ರ. ಅದೂ ಕೆಲವು ಕಡೆ ‘ಸ್ವಂತ ಬಳಕೆಗೆ ಮಾತ್ರ’ ಎಂದಿರುತ್ತದೆ. ಹಾಗಿದ್ದರೆ ಮನೆಯಲ್ಲಿ ಬಳಸಬಹುದು, ಅಂಗಡಿಯಲ್ಲೋ ಶಾಲೆಯಲ್ಲೋ ಬಳಸುವಂತಿಲ್ಲ. ಮುಕ್ತ ಪರವಾನಗಿಗಳಲ್ಲಿ ಆ ಭೇದವಿಲ್ಲ. ನೂರು ಕಂಪ್ಯೂಟರ್ ಇರುವ ಕಾಲೇಜೂ ಧೈರ್ಯವಾಗಿ ಬಳಸಬಹುದು.

ಹಾಗೆಂದು ಕೋಡ್ ಮುಚ್ಚಿಟ್ಟವರೆಲ್ಲ ಮೋಸಗಾರರಲ್ಲ. ಒಬ್ಬರೇ ಕೂತು ವರ್ಷಾನುಗಟ್ಟಲೆ ದುಡಿದು, ಜಾಹೀರಾತಿಲ್ಲದೆ, ಬಳಕೆದಾರರ ಪತ್ರಕ್ಕೆ ಉತ್ತರಿಸುತ್ತ ಒಳ್ಳೆಯ ತಂತ್ರಾಂಶ ಕೊಟ್ಟವರಿದ್ದಾರೆ. ಅವರ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ. ಅವರೂ ಬದುಕಬೇಕು. ಫ್ರೀಕಮಾಂಡರ್ ಕರ್ತೃ 32 ಬಿಟ್ ಆವೃತ್ತಿಯನ್ನು ಎಲ್ಲರಿಗೂ ಕೊಟ್ಟು, 64 ಬಿಟ್ ಆವೃತ್ತಿಯನ್ನು ದೇಣಿಗೆ ಕೊಟ್ಟವರಿಗೆ ಮೀಸಲಿಟ್ಟದ್ದು ನ್ಯಾಯವೇ. ಕನ್ನಡಿಗರಿಗೆ ಇದು ಹೊಸತಲ್ಲ. 1998ರಲ್ಲಿ ಬಂದು ನಮಗೆಲ್ಲ ಕನ್ನಡ ಟೈಪಿಂಗ್ ಕಲಿಸಿದ ‘ಬರಹ’ ಮೊದಲು ಉಚಿತವಾಗಿತ್ತು, ಮುಂದೆ ಹಣ ಕೊಟ್ಟು ಪಡೆಯುವ ತಂತ್ರಾಂಶವಾಯಿತು. ಅದು ಬರೆದವರ ಹಕ್ಕು. ಬಳಸುವವರು ಆ ಹಕ್ಕು ಯಾರದೆಂದು ಮೊದಲೇ ತಿಳಿದಿದ್ದರೆ ಒಳಿತು.

ಕೋಡ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿನ್‌ರಾರ್‌ನದೇ ಪ್ರಸಂಗವಿದೆ. ಏಸ್ ಎಂಬ ಹಳೆಯ ಮಾದರಿಯ ಸಂಕುಚಿತ ಕಡತಗಳನ್ನು ಬಿಚ್ಚಲು ವಿನ್‌ರಾರ್ ಬೇರೆಯವರು ಬರೆದ ಒಂದು ಸಣ್ಣ ಘಟಕವನ್ನು ಬಳಸುತ್ತಿತ್ತು. 2019ರಲ್ಲಿ ಚೆಕ್ ಪಾಯಿಂಟ್ ಕಂಪನಿಯ ಸಂಶೋಧಕರು ಅದರಲ್ಲಿ ಗಂಭೀರ ದೋಷ ಹಿಡಿದರು. ಕಡತ ಬಿಚ್ಚಿದರೆ ಅದು ನಾವು ಹೇಳಿದ ಜಾಗ ಬಿಟ್ಟು, ಕಂಪ್ಯೂಟರ್ ಶುರುವಾದಾಗ ತಾನಾಗಿ ಓಡುವ ಫೋಲ್ಡರಿಗೆ ಹೋಗಿ ಕೂರಬಹುದಿತ್ತು. ಸರಿಪಡಿಸೋಣವೆಂದರೆ ಆ ಘಟಕ 2005ರಿಂದ ಬದಲಾಗಿರಲಿಲ್ಲ, ಸೋರ್ಸ್ ಕೋಡ್ ವಿನ್‌ರಾರ್‌ನವರ ಬಳಿಯೂ ಇರಲಿಲ್ಲ. ಕೊನೆಗೆ ಏಸ್ ಕಡತ ಬಿಚ್ಚುವ ಸೌಲಭ್ಯವನ್ನೇ ತೆಗೆದುಹಾಕಿದರು. ಕಂಪನಿಯೇ ಹೇಳಿಕೊಂಡಂತೆ 50 ಕೋಟಿ ಬಳಕೆದಾರರಿರುವ ತಂತ್ರಾಂಶ ಅದು. ಒಂದು ಸಣ್ಣ ತುಂಡಿನ ಕೋಡ್ ಕೈಯಲ್ಲಿಲ್ಲದ್ದಕ್ಕೆ ಬೇರೆ ದಾರಿ ಉಳಿಯಲಿಲ್ಲ.

ಅದೇ ರೋಶಲ್ ಶುರುಮಾಡಿದ ಫಾರ್ ಮ್ಯಾನೇಜರ್ 2007ರಲ್ಲಿ ಓಪನ್ ಸೋರ್ಸ್ ಆಯಿತು. ಇಂದಿಗೂ ಅದರ ಹೊಸ ಆವೃತ್ತಿಗಳು ಬರುತ್ತಲೇ ಇವೆ. ವಿಂಡೋಸ್ 3.0 ಜೊತೆ 1990ರಲ್ಲಿ ಬಂದ ಹಳೇ ಫೈಲ್ ಮ್ಯಾನೇಜರ್‌ನ ಕೋಡನ್ನೂ ಮೈಕ್ರೋಸಾಫ್ಟ್ 2018ರಲ್ಲಿ ಮುಕ್ತಗೊಳಿಸಿತು. ಈಗ ಅದು ವಿಂಡೋಸ್ 10ರಲ್ಲೂ ಓಡುತ್ತದೆ.

ಮಾಲೀಕರು ಬದಲಾದಾಗ

ಮೊಬೈಲಿನಲ್ಲಿ ಈ ಪಾಠ ಇನ್ನೂ ಕಟುವಾಗಿ ಸಿಕ್ಕಿದೆ. ಕೆಲವು ವರ್ಷಗಳ ಹಿಂದೆ ಆಂಡ್ರಾಯ್ಡ್ ಫೋನ್ ಕೊಂಡವರು ಮೊದಲು ಹಾಕಿಕೊಳ್ಳುತ್ತಿದ್ದ ಆ್ಯಪ್‌ಗಳಲ್ಲಿ ಇಎಸ್ ಫೈಲ್ ಎಕ್ಸ್‌ಪ್ಲೋರರ್ ಒಂದು. ಉಚಿತ, ಚುರುಕು, ಕೋಡ್ ಮಾತ್ರ ಮುಚ್ಚಿದ್ದು. ಬರಬರುತ್ತ ಜಾಹೀರಾತು ತುಂಬಿಕೊಂಡಿತು. 2019ರ ಜನವರಿಯಲ್ಲಿ ಸಂಶೋಧಕರೊಬ್ಬರು ತೋರಿಸಿದ್ದು ಆಘಾತಕಾರಿ. ಆ್ಯಪನ್ನು ಒಮ್ಮೆ ತೆರೆದರೆ ಅದು ಫೋನಿನಲ್ಲಿ ಒಂದು ಗುಪ್ತ ಬಾಗಿಲು ತೆರೆದಿಡುತ್ತಿತ್ತು, ಅದೇ ವೈಫೈ ಜಾಲದಲ್ಲಿರುವ ಯಾರು ಬೇಕಾದರೂ ಫೋನಿನ ಕಡತಗಳನ್ನು ಪಡೆಯಬಹುದಿತ್ತು. ಹಾಸ್ಟೆಲು, ಬಸ್ ನಿಲ್ದಾಣ, ಹೋಟೆಲುಗಳ ವೈಫೈಯನ್ನು ನೆನೆಸಿಕೊಳ್ಳಿ. ಆ ವರ್ಷದ ಏಪ್ರಿಲ್‌ನಲ್ಲಿ, ಜಾಹೀರಾತು ಕ್ಲಿಕ್ಕುಗಳ ವಂಚನೆ ಆರೋಪದ ಬೆನ್ನಲ್ಲೇ, ಅದು ಗೂಗಲ್ ಪ್ಲೇ ಸ್ಟೋರ್‌ನಿಂದ ಮರೆಯಾಯಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್, ಶೇರ್‌ಇಟ್ ಜೊತೆ ಇದರ ಹೆಸರೂ ಇತ್ತು.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಸಿಂಪಲ್ ಮೊಬೈಲ್ ಟೂಲ್ಸ್ ಕಥೆ. ಫೈಲ್ ಮ್ಯಾನೇಜರ್, ಗ್ಯಾಲರಿ, ಕ್ಯಾಲೆಂಡರ್ ಎಂದು ಅಚ್ಚುಕಟ್ಟಾದ ಓಪನ್ ಸೋರ್ಸ್ ಆ್ಯಪ್‌ಗಳ ಗುಚ್ಛ ಅದು. 2023ರ ಕೊನೆಯಲ್ಲಿ ಅದನ್ನು ಕಟ್ಟಿದವರು ಜಿಪೋಆ್ಯಪ್ಸ್ ಎಂಬ ಕಂಪನಿಗೆ ಮಾರಿದರು. ಬಳಕೆದಾರರಿಗೆ ಕಳವಳವಾಯಿತು. ಆದರೆ ಕೋಡ್ ಮುಕ್ತವಾಗಿತ್ತಲ್ಲ! ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದವರೇ ಮಾರಾಟಕ್ಕೆ ಮುಂಚಿನ ಕೋಡನ್ನು ಎತ್ತಿಕೊಂಡು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಬಳಸುವವರು ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಂಡರು, ಅಷ್ಟೆ. ನನ್ನ ಮಟ್ಟಿಗೆ ಓಪನ್ ಸೋರ್ಸ್ ಪರವಾದ ಅತಿ ಬಲವಾದ ವಾದ ಇದೇ. ಕರ್ತೃ ದಣಿಯಲಿ, ಮಾರಲಿ, ತೀರಿಕೊಳ್ಳಲಿ, ತಂತ್ರಾಂಶಕ್ಕೆ ವಾರಸುದಾರರಾಗುವ ಅವಕಾಶ ಉಳಿಯುತ್ತದೆ.

ತೆರೆದಿಟ್ಟರೆ ಸುರಕ್ಷಿತವೇ?

ತಾನಾಗಿ ಅಲ್ಲ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಜೆಡ್ ಎಂಬ, ಲಿನಕ್ಸ್ ಲೋಕದ ಮೂಲೆ ಮೂಲೆಯಲ್ಲಿರುವ ಮುಕ್ತ ತಂತ್ರಾಂಶದೊಳಗೆ ಕಳ್ಳ ಬಾಗಿಲು ಪತ್ತೆಯಾಯಿತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ದಣಿದಿದ್ದ ಮೂಲ ಕರ್ತೃವಿನ ವಿಶ್ವಾಸ ಗಳಿಸಿ, ನಂತರ ಅದನ್ನು ತೂರಿಸಿದ್ದರು. ಎಲ್ಲರಿಗೂ ಕಾಣುವ ಕೋಡ್ ಭಂಡಾರದಲ್ಲಿ ಎಲ್ಲವನ್ನೂ ಇಡದೆ, ಹಂಚಿಕೆಗೆಂದು ಕಟ್ಟಿದ ಮೂಟೆಯಲ್ಲಿ ಮುಖ್ಯವಾದ ಒಂದು ತುಣುಕನ್ನು ಸೇರಿಸಿದ್ದರು.

ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರು ಬೆನ್ನು ಹತ್ತಿದರು. ಕೋಡ್ ತೆರೆದಿದ್ದರಿಂದ ಕೊನೆತನಕ ಹೋಗಿ ನೋಡಲು ಸಾಧ್ಯವಾಯಿತು. ಮುಕ್ತ ಎಂಬ ಹಣೆಪಟ್ಟಿ ಕಾವಲು ಕಾಯುವುದಿಲ್ಲ. ಕಾಯಲು ಮನಸ್ಸಿರುವವರನ್ನು ಒಳಗೆ ಬಿಡುತ್ತದೆ.

ಮುಚ್ಚಿದ ಕಡೆಯೂ ಹೀಗಾಗಿದೆ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಉಚಿತ ತಂತ್ರಾಂಶದ ಒಂದು ಆವೃತ್ತಿಯೊಳಗೆ, ಕಂಪನಿಗೇ ಗೊತ್ತಿಲ್ಲದೆ, ದಾಳಿಕೋರರು ಕೆಟ್ಟ ಕೋಡ್ ಸೇರಿಸಿದ್ದರು. ಅಧಿಕೃತ ತಾಣದಿಂದ, ಅಧಿಕೃತ ಡಿಜಿಟಲ್ ಸಹಿಯೊಂದಿಗೆ ಅದು 22.7 ಲಕ್ಷ ಕಂಪ್ಯೂಟರುಗಳಿಗೆ ಹೋಯಿತು. ಎಚ್ಚರ ಎರಡೂ ಕಡೆ ಬೇಕು.

ಕನ್ನಡದ ಹೆಸರಿಟ್ಟು ನೋಡಿ

ಜಗತ್ತಿನ ಯಾವ ವಿಮರ್ಶಕರೂ ಮಾಡದ ಒಂದು ಪರೀಕ್ಷೆಯನ್ನು ನಾವು ಮಾಡಲೇಬೇಕು. ‘ಅಜ್ಜಿಯ ಫೋಟೊಗಳು’ ಎಂದು ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ. ಅದನ್ನು ನಕಲು ಮಾಡಿ, ಹೆಸರು ಬದಲಿಸಿ, ಜಿಪ್ ಮಾಡಿ, ಮತ್ತೆ ಬಿಚ್ಚಿ.

ಹಳೆಯ ಫೈಲ್ ಮ್ಯಾನೇಜರ್‌ಗಳು ಇಲ್ಲಿ ಮುಗ್ಗರಿಸುತ್ತವೆ. ವಿಂಡೋಸ್‌ನಲ್ಲಿ ಹಳೆಯ ತಂತ್ರಾಂಶಗಳು ಆಯಾ ಭಾಷೆಗೊಂದರಂತೆ ಇದ್ದ ಅಕ್ಷರಕೋಷ್ಟಕಗಳನ್ನು ಬಳಸುತ್ತಿದ್ದವು. ರಷ್ಯನ್ನಿಗೆ, ಗ್ರೀಕಿಗೆ, ಅರೇಬಿಕ್‌ಗೆ ಅಂಥ ಕೋಷ್ಟಕವಿತ್ತು, ಕನ್ನಡಕ್ಕೆ ಇರಲೇ ಇಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂದಾಗ ಎಲ್ಲ ಭಾಷೆಗಳಿಗೂ ಒಂದೇ ಕೋಷ್ಟಕವಾದ ಯುನಿಕೋಡ್ ಮೂಲಕವೇ ಬಂತು. ಹಾಗಾಗಿ ಯುನಿಕೋಡ್ ಅರಿಯದ ತಂತ್ರಾಂಶದಲ್ಲಿ ನಮ್ಮ ಫೋಲ್ಡರಿನ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ವಿಂಡೋಸ್ ಕಡತದ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವಂತೆಯೇ ಇಲ್ಲವಾದ್ದರಿಂದ ಅದು ತೆರೆಯುವುದೂ ಇಲ್ಲ. ಹೆಸರಾಂತ ಟೋಟಲ್ ಕಮಾಂಡರ್‌ಗೆ ಕೂಡ ಯುನಿಕೋಡ್ ಹೆಸರುಗಳು ಬಂದದ್ದು 2009ರ 7.5 ಆವೃತ್ತಿಯಲ್ಲಿ. ಕೋಡ್ ಮುಚ್ಚಿದ ಹಳೆಯದೊಂದು ಉಚಿತ ತಂತ್ರಾಂಶದ ಕರ್ತೃ ಅಷ್ಟರಲ್ಲಿ ಕೆಲಸ ನಿಲ್ಲಿಸಿದ್ದರೆ, ಅದರಲ್ಲಿ ಕನ್ನಡ ಎಂದೆಂದಿಗೂ ಬರುವುದಿಲ್ಲ.

ಕಡತದ ಹೆಸರಷ್ಟೇ ಅಲ್ಲ, ಮೆನುಗಳನ್ನೂ ಕನ್ನಡಕ್ಕೆ ತರಬಹುದು. ಡಬಲ್ ಕಮಾಂಡರ್‌ನ ಫೋಲ್ಡರಿನಲ್ಲಿ ಭಾಷೆಗಳಿಗೆಂದೇ ಒಂದು ಒಳಫೋಲ್ಡರ್ ಇದೆ. ಒಂದೊಂದು ಭಾಷೆಗೆ ಒಂದೊಂದು ಕಡತ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಸಾದಾ ಪಠ್ಯ ಅದು. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಅನುವಾದ. ಕನ್ನಡದ ಕಡತವನ್ನು ಪಿಯುಸಿ ಓದುವ ಹುಡುಗರೂ ತಯಾರಿಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ಯಾವುದು?

ಪೆನ್‌ಡ್ರೈವ್‌ನಲ್ಲಿ ಒಂದೇ ಇಟ್ಟುಕೊಳ್ಳುವುದಾದರೆ ನಾನು ಹೇಳುವುದು ಡಬಲ್ ಕಮಾಂಡರ್. ಎರಡು ಅಂಕಣ, ಹಳೆಯ ಎಫ್5, ಎಫ್6 ಕೀಲಿಗಳು, ನೂರಾರು ಫೋಟೊಗಳಿಗೆ ಒಮ್ಮೆಗೇ ಹೆಸರಿಡುವ ಸಾಧನ, ಲಿನಕ್ಸ್‌ನಲ್ಲೂ ಅದೇ ರೂಪ. ಎರಡು ಅಂಕಣ ಕಂಡರೆ ಗಾಬರಿಯಾಗುವ ಮನೆಯ ಹಿರಿಯರಿಗೆ ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್ ಹಿತ. ಅದು ವಿಂಡೋಸ್‌ನದೇ ಎಕ್ಸ್‌ಪ್ಲೋರರ್ ಹಾಗೆ ಕಾಣುತ್ತದೆ. ಫ್ರೀಕಮಾಂಡರಿಗೋ ಕ್ಯೂ-ಡಿರ್‌ಗೋ ಕೈ ಒಗ್ಗಿಹೋಗಿದ್ದರೆ ಬಿಡಬೇಕಾಗಿಲ್ಲ. ಕರ್ತೃವಿನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಸಾಧ್ಯವಾದರೆ ದೇಣಿಗೆ ಕೊಡಿ. ಹೊಸ ಆವೃತ್ತಿ ಬಂದು ಎಷ್ಟು ದಿನವಾಯಿತು ಎಂದು ಆಗಾಗ ನೋಡುತ್ತಿರಿ. ‘ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿಗಳಿರುವ ಮೂರನೆಯವರ ತಾಣಗಳ ಸಹವಾಸ ಬೇಡ.

ಜೆರಾಕ್ಸ್ ಅಂಗಡಿಗಳಲ್ಲಿ ಓಡಾಡುವ ಪೆನ್‌ಡ್ರೈವ್‌ಗೆ ಇನ್ನೊಂದು ಮುನ್ನೆಚ್ಚರಿಕೆ ಅಗತ್ಯ. ಕೆಲವು ವೈರಸ್‌ಗಳು ಪೆನ್‌ಡ್ರೈವ್‌ನಲ್ಲಿರುವ ತಂತ್ರಾಂಶದೊಳಗೇ ಸೇರಿಕೊಳ್ಳುತ್ತವೆ. ಆಗ ನಾವು ನಂಬಿದ ಫೈಲ್ ಮ್ಯಾನೇಜರೇ ವಾಹಕವಾಗುತ್ತದೆ. ಬರೆಯದಂತೆ ತಡೆಯುವ ಪುಟ್ಟ ಗುಂಡಿ ಇರುವ ಪೆನ್‌ಡ್ರೈವ್ ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಮನೆಯ ಕಂಪ್ಯೂಟರಿನಲ್ಲಿ ಒಂದು ಅಸಲಿ ಪ್ರತಿ ಇಟ್ಟು, ಅದರ ಚೆಕ್‌ಸಮ್ ಬರೆದಿಟ್ಟುಕೊಳ್ಳಿ. ಚೆಕ್‌ಸಮ್ ಎಂದರೆ ಕಡತದ ಒಳಗಿನ ಪ್ರತಿಯೊಂದು ಬೈಟ್‌ ಅನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೊರಡಿಸುವ ಉದ್ದನೆಯ ಸಂಖ್ಯೆ. ಒಂದೇ ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶ ಅದನ್ನು ಲೆಕ್ಕ ಹಾಕಿಕೊಡುತ್ತದೆ, ಡಬಲ್ ಕಮಾಂಡರ್‌ನ ಮೆನುವಿನಲ್ಲೂ ಆ ಸೌಲಭ್ಯವಿದೆ. ಪೆನ್‌ಡ್ರೈವ್ ಹೊರಗೆ ಹೋಗಿ ಬಂದ ಮೇಲೆ, ತಂತ್ರಾಂಶವನ್ನು ಓಡಿಸುವ ಮೊದಲು, ಮನೆಯ ಕಂಪ್ಯೂಟರಿನಲ್ಲಿ ಎರಡೂ ಸಂಖ್ಯೆಗಳನ್ನು ಹೋಲಿಸಿ. ಹೊಂದದಿದ್ದರೆ ಪೆನ್‌ಡ್ರೈವ್‌ನಲ್ಲಿರುವ ಪ್ರತಿಯನ್ನು ಅಳಿಸಿ ಅಸಲಿಯನ್ನು ಮತ್ತೆ ಹಾಕಿಕೊಳ್ಳಿ.

ಬಾಣದ ಗುರುತು ಕಂಡ ದಿನ ಮಾಡಬೇಕಾದದ್ದೂ ಇಷ್ಟೇ ಸರಳ. ಏನನ್ನೂ ಒತ್ತದೆ ಫೈಲ್ ಮ್ಯಾನೇಜರ್ ತೆರೆದು, ಅಡಗಿದ ಮತ್ತು ಸಿಸ್ಟಂ ಕಡತಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಅಡಗಿದ್ದ ಕಡತಗಳೋ ಹೆಸರಿಲ್ಲದ ಫೋಲ್ಡರೋ ಈಗ ಕಾಣುತ್ತವೆ. ಅವುಗಳಲ್ಲಿನ ಕಾಗದಪತ್ರ, ಫೋಟೊಗಳನ್ನು ಮಾತ್ರ ಎಫ್5 ಒತ್ತಿ ಬೇರೆ ಜಾಗಕ್ಕೆ ನಕಲು ಮಾಡಿ. ಶಾರ್ಟ್‌ಕಟ್‌ಗಳನ್ನೂ ಹೆಸರಿಗೆ ಇಎಕ್ಸ್‌ಇ, ವಿಬಿಎಸ್ ಬಾಲವಿರುವ ಅಪರಿಚಿತ ಕಡತಗಳನ್ನೂ ಮುಟ್ಟಬೇಡಿ. ನಕಲಾದ ಕಡತಗಳು ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡಿ, ಕಡತಗಳ ಗುಣಲಕ್ಷಣ ಬದಲಿಸುವ ಮೆನುವಿಗೆ ಹೋಗಿ ಅಡಗಿಸುವ ಗುರುತು ತೆಗೆಯಿರಿ. ಫಾರ್ಮ್ಯಾಟ್ ಮಾಡುವ ಮಾತು ಅದಾದ ಮೇಲೆ.